ಸ್ಪೀಕರ್ ಕೇಬಲ್ ಮೇಲಿನ ಬಾಣ

"ಬಾಸ್ ಬರ್ತಾನೇ ಇಲ್ಲ. ಕೇಬಲ್ ಉಲ್ಟಾ ಹಾಕಿಬಿಟ್ಟಿದೀನಿ ಅನ್ಸುತ್ತೆ, ಬಾಣ ಆಂಪ್ಲಿಫೈಯರ್ ಕಡೆ ನೋಡ್ತಿದೆ."

ಮನೆಗಳಲ್ಲಿ ಆಡಿಯೋ ಸಿಸ್ಟಂ ಕೂರಿಸುವುದು ನನ್ನ ಕೆಲಸ. ಇಂಥ ಫೋನ್ ಆಗಾಗ ಬರುತ್ತದೆ. ಕೆಲವು ಸ್ಪೀಕರ್ ಕೇಬಲ್‌ಗಳ ಮೇಲೆ ಬಾಣದ ಗುರುತು ಇರುತ್ತದೆ, ಅದು ಸ್ಪೀಕರ್ ಕಡೆ ನೋಡದಿದ್ದರೆ ಶಬ್ದ ಕೆಡುತ್ತದೆ ಅನ್ನುವುದು ಹಲವರ ನಂಬಿಕೆ. ಈ ಸಲ ಹೋಗಿ ಕೇಳಿದೆ. ಬಾಸ್, ಅಂದರೆ ಹಾಡಿನ ಕೆಳಗಿನ ಸ್ವರಗಳು, ನಿಜಕ್ಕೂ ಇರಲಿಲ್ಲ. ಹಾಡುವವರ ದನಿ ಎರಡು ಸ್ಪೀಕರ್‌ಗಳ ನಡುವೆ ನಿಲ್ಲುವುದು ಬಿಟ್ಟು ರೂಮಿನ ತುಂಬ ಚದುರಿತ್ತು. ಆದರೆ ಬಾಣದ್ದೇನೂ ತಪ್ಪಿರಲಿಲ್ಲ. ಎಡಗಡೆ ಸ್ಪೀಕರ್ ಹಿಂದೆ ಕೆಂಪು ತಂತಿ ಹೋಗಿ ಕಪ್ಪು ಟರ್ಮಿನಲ್‌ಗೆ ಕೂತಿತ್ತು, ಅಷ್ಟೇ. ಒಂದು ಸ್ಪೀಕರ್‌ನ ಕೋನ್, ಅಂದರೆ ಅದುರಿ ಶಬ್ದ ಮಾಡುವ ಭಾಗ, ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗುತ್ತಿತ್ತು. ಕೆಳಗಿನ ಸ್ವರಗಳು ಒಂದನ್ನೊಂದು ನುಂಗಿಹಾಕುತ್ತಿದ್ದವು. ತಂತಿ ಅದಲು ಬದಲು ಮಾಡಿದೆ, ಬಾಸ್ ಬಂತು. ಬಾಣ ಇದ್ದಲ್ಲೇ ಇತ್ತು.

ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಪ್ಲಸ್ ಮೈನಸ್ ಬೇರೆ, ಕೇಬಲ್‌ನ ದಿಕ್ಕು ಬೇರೆ. ಮೊದಲನೆಯದು ತಪ್ಪಿದರೆ ಯಾರಿಗಾದರೂ ಕೇಳಿಸುತ್ತದೆ. ಎರಡನೆಯದು, ಅಂದರೆ ಕೇಬಲ್‌ನ ಯಾವ ತುದಿ ಆಂಪ್ಲಿಫೈಯರ್ ಕಡೆ, ಯಾವುದು ಸ್ಪೀಕರ್ ಕಡೆ ಅನ್ನುವುದು, ಶಬ್ದದ ಮಟ್ಟಿಗೆ ಲೆಕ್ಕಕ್ಕೇ ಇಲ್ಲ.

ಯಾಕೆ ಅಂತೀರಾ? ಸ್ಪೀಕರ್‌ಗೆ ಹೋಗುವುದು ಎಸಿ ಕರೆಂಟ್. 100 ಹರ್ಟ್ಜ್‌ನ ಸ್ವರ ಅಂದರೆ ಸೆಕೆಂಡಿಗೆ 100 ಸಲ ಹೋಗಿ 100 ಸಲ ವಾಪಸ್ ಬರುವುದು. ನೀರಿನ ಪೈಪ್ ಥರ ಒಂದೇ ಕಡೆ ಹರಿಯುವ ವಸ್ತುವೇ ಅಲ್ಲ ಅದು. ಎಲೆಕ್ಟ್ರಾನ್‌ಗಳು ಆಂಪ್ಲಿಫೈಯರ್‌ನಿಂದ ಹೊರಟು ಸ್ಪೀಕರ್ ತಲುಪುತ್ತವೆ ಅಂದುಕೊಂಡಿದ್ದರೆ ಅದೂ ಇಲ್ಲ. ಕೂತಲ್ಲೇ ಒಂಚೂರು ಆಚೀಚೆ ಅಲ್ಲಾಡುತ್ತವೆ, ಒಂದು ಮಿಲಿಮೀಟರ್ ಕೂಡ ದಾಟುವುದಿಲ್ಲ.

ತಾಮ್ರದ ತಂತಿಯನ್ನು ಅಚ್ಚಿನೊಳಗಿಂದ ಎಳೆದು ಮಾಡುವಾಗ ಅದರ ಹರಳುಗಳು ಒಂದು ಕಡೆಗೆ ವಾಲುತ್ತವೆ, ಆದ್ದರಿಂದ ದಿಕ್ಕು ಮುಖ್ಯ ಅನ್ನುವ ವಾದವೂ ಇದೆ. ಎಳೆಯುವಾಗ ಹರಳುಗಳು ಉದ್ದವಾಗುವುದು ನಿಜ. ಆದರೆ ತಂತಿಯ ರೆಸಿಸ್ಟನ್ಸ್, ಅಂದರೆ ಕರೆಂಟ್‌ಗೆ ಅದು ಒಡ್ಡುವ ತಡೆ, ಈ ತುದಿಯಿಂದ ಅಳೆದರೂ ಆ ತುದಿಯಿಂದ ಅಳೆದರೂ ಒಂದೇ. ಒಂದೇ ಕಡೆಗೆ ಕರೆಂಟ್ ಬಿಡುವ ವಸ್ತುವಿಗೆ ಡಯೋಡ್ ಅಂತ ಹೆಸರು, ತಾಮ್ರ ಡಯೋಡ್ ಅಲ್ಲ.

ನನಗೆ ತುಂಬ ಇಷ್ಟವಾದ ಪ್ರಶ್ನೆ ಇನ್ನೊಂದಿದೆ. ಕೇಬಲ್ ಒಳಗೆ ತಂತಿ ಎರಡು ಇರುತ್ತವೆ, ಅಲ್ವಾ? ಒಂದರಲ್ಲಿ ಕರೆಂಟ್ ಹೋಗುವ ಹೊತ್ತಿಗೇ ಇನ್ನೊಂದರಲ್ಲಿ ವಾಪಸ್ ಬರುತ್ತಿರುತ್ತದೆ. ಹಾಗಾದರೆ ಬಾಣ ಯಾವ ಕಡೆಗಿದ್ದರೂ, ಯಾವಾಗಲೂ, ಒಂದು ತಂತಿ ಬಾಣಕ್ಕೆ ಎದುರಾಗಿಯೇ ಕೆಲಸ ಮಾಡುತ್ತಿರುತ್ತದೆ! ಇನ್ನು ಸ್ಪೀಕರ್ ಒಳಗೆ ಕೋನ್ ಅಲ್ಲಾಡಿಸುವ ವಾಯ್ಸ್ ಕಾಯಿಲ್, ಮೇಲಿನ ಕೆಳಗಿನ ಸ್ವರಗಳನ್ನು ಬೇರ್ಪಡಿಸುವ ಕ್ರಾಸ್‌ಓವರ್‌ನ ಸುರುಳಿಗಳಲ್ಲಿ ಮೀಟರ್‌ಗಟ್ಟಲೆ ತೆಳು ತಂತಿ ಸುತ್ತಿರುತ್ತಾರೆ, ಅದರ ಮೇಲೆ ಬಾಣ ಹುಡುಕಿದವರನ್ನು ನಾನಂತೂ ನೋಡಿಲ್ಲ.

"ಆದರೆ ನಾನು ತಿರುಗಿಸಿ ಹಾಕಿದೆ, ವ್ಯತ್ಯಾಸ ಕೇಳಿಸಿತು" ಅನ್ನುವವರಿದ್ದಾರೆ. ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಅನ್ನುವುದಿಲ್ಲ. ಕೇಬಲ್ ಬಿಚ್ಚಿ ಮತ್ತೆ ಹಾಕುವಾಗ ಸಡಿಲವಾಗಿದ್ದ ಟರ್ಮಿನಲ್ ಬಿಗಿಯಾಗುತ್ತದೆ, ಕಪ್ಪಾದ ತುದಿ ಉಜ್ಜಿಕೊಂಡು ಶುಚಿಯಾಗುತ್ತದೆ. ಕೆಲವು ಸಲ ಸುಧಾರಣೆ ನಿಜಕ್ಕೂ ಆಗಿರುತ್ತದೆ, ಹೆಸರು ಮಾತ್ರ ಬಾಣಕ್ಕೆ. ಇನ್ನು ಕೆಲವು ಸಲ ಕಿವಿ ತಾನು ಕಾಯುತ್ತಿದ್ದುದನ್ನೇ ಕೇಳಿಸಿಕೊಳ್ಳುತ್ತದೆ. ನನಗೂ ಆಗಿದೆ. ಒಮ್ಮೆ ಕೇಬಲ್ ಬದಲಾಯಿಸಿದೆ ಅಂದುಕೊಂಡು ಅರ್ಧ ಗಂಟೆ ಖುಷಿಪಟ್ಟು, ಆಮೇಲೆ ನೋಡಿದರೆ ಹಳೆಯದೇ ಇತ್ತು.

ಅನುಮಾನ ಇದ್ದರೆ ಹೀಗೆ ಮಾಡಿ. ನೀವು ರೂಮಿನಿಂದ ಹೊರಗೆ ಹೋಗಿ, ಸ್ನೇಹಿತರೊಬ್ಬರು ನಾಣ್ಯ ಚಿಮ್ಮಿ ಅದು ಹೇಳಿದಂತೆ ಕೇಬಲ್ ತಿರುಗಿಸಲಿ ಅಥವಾ ಬಿಚ್ಚಿ ಇದ್ದಂತೆಯೇ ಹಾಕಲಿ. ವಾಲ್ಯೂಮ್ ಮುಟ್ಟಬೇಡಿ. 10 ಸಲ ಮಾಡಿ ಉತ್ತರ ಬರೆದಿಡಿ. 5 ಸರಿಯಾದರೆ ಅದು ನಾಣ್ಯದ ಅಂಕ. 9 ಅಥವಾ 10 ಸರಿಯಾದರೆ, ಸುಮ್ನೆ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ಶೇಕಡಾ 1ರಷ್ಟು ಮಾತ್ರ, ನನ್ನನ್ನು ಕರೆಯಿರಿ. ಬಿಚ್ಚುವ ಮುಂಚೆ ಆಂಪ್ಲಿಫೈಯರ್ ಆಫ್ ಮಾಡಿ, ಎಳೆಗಳು ಒಂದಕ್ಕೊಂದು ತಾಗಿದರೆ ದುಬಾರಿ ಪಾಠವಾಗುತ್ತದೆ.

ದಿಕ್ಕಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ದಪ್ಪದ ಬಗ್ಗೆ ಕೇಳುವುದೇ ಕಡಿಮೆ. ಸ್ಪೀಕರ್ 5 ಮೀಟರ್ ದೂರ ಇದ್ದರೆ ಹೋಗಿ ಬರಲು 10 ಮೀಟರ್ ತಂತಿ. 2.5 ಚದರ ಮಿಲಿಮೀಟರ್ ತಾಮ್ರದಲ್ಲಿ ಅದರ ರೆಸಿಸ್ಟನ್ಸ್ ಸುಮಾರು 0.07 ಓಮ್, 0.5ರ ತೆಳು ತಂತಿಯಲ್ಲಿ 0.35. ತಂತಿಯ ರೆಸಿಸ್ಟನ್ಸ್ ಸ್ಪೀಕರ್ ಇಂಪಿಡೆನ್ಸ್‌ನ, ಅಂದರೆ ಎಸಿ ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆಯ, ಶೇಕಡಾ 5ರೊಳಗೆ ಇರಲಿ ಅನ್ನುವುದು ನಾನು ಪಾಲಿಸುವ ಲೆಕ್ಕ. 4 ಓಮ್ ಸ್ಪೀಕರ್‌ಗೆ ಅದು 0.2 ಓಮ್, ತೆಳು ತಂತಿ ಅಲ್ಲೇ ಫೇಲ್. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಆದರೆ ಇನ್ನೂ ದಪ್ಪ ಬೇಕು, ಅಲ್ಯೂಮಿನಿಯಂ ತಾಮ್ರದ ಶೇಕಡಾ 60ರಷ್ಟೇ ಕರೆಂಟ್ ಹರಿಸುತ್ತದೆ.

ಹಾಗಂತ ಬಾಣ ಎಲ್ಲ ಕಡೆ ಅಲಂಕಾರ ಅಲ್ಲ. ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ಹಾಕುವ ಕೆಲವು ಆರ್‌ಸಿಎ ಕೇಬಲ್‌ಗಳಲ್ಲಿ ಹೊರಗಿನ ಶೀಲ್ಡ್, ಅಂದರೆ ಲೋಹದ ಹೊದಿಕೆಯನ್ನು, ಒಂದೇ ತುದಿಯಲ್ಲಿ ಗ್ರೌಂಡ್‌ಗೆ ಜೋಡಿಸಿರುತ್ತಾರೆ. ಅಲ್ಲಿ ಬಾಣ ನೋಡಿ ಹಾಕುವುದೇ ಸರಿ, ಉಲ್ಟಾ ಆದರೆ ಗುಂಯ್ ಶಬ್ದ ಜಾಸ್ತಿಯಾಗಬಹುದು. ಉದ್ದದ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಅಂತೂ ಉಲ್ಟಾ ಹಾಕಿದರೆ ಟಿವಿಯಲ್ಲಿ ಏನೂ ಬರುವುದಿಲ್ಲ. ಅದನ್ನು ಗೋಡೆಯೊಳಗೆ ತೂರಿಸುವ ಮುಂಚೆ ಎರಡು ಸಲ ನೋಡಿಕೊಳ್ಳಿ. ನಾನು ಒಮ್ಮೆ ನೋಡದೆ ತೂರಿಸಿ, ಮಾರನೇ ದಿನ ಪೂರ್ತಿ ಹೊರಗೆ ಎಳೆದಿದ್ದೇನೆ.