ಜ್ವರಕ್ಕೂ ಕಣ್ಣಿಗೂ ಏನು ಸಂಬಂಧ?

"ಈಚೆಗೆ ಜ್ವರ ಬಂದಿತ್ತಾ ಅಮ್ಮ?" ಅಂತ ಕೇಳಿದೆ. ಕಣ್ಣು ಪರೀಕ್ಷಿಸುವ ಸ್ಲಿಟ್ ಲ್ಯಾಂಪ್‌ಗೆ ಗದ್ದ ಆನಿಸಿ ಕೂತಿದ್ದ ಆಕೆ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಮಗ ಹೇಳಿದ: "ಅದು ಹೋದ ವಾರ ಸರ್. ಡ್ರಿಪ್ ಹಾಕಿಸಿದ್ವಿ, ಸ್ವಲ್ಪ ಕಮ್ಮಿ ಆಯ್ತು. ಈಗ ತೊಂದರೆ ಇರೋದು ಕಣ್ಣಿಗೆ."

ಆಕೆಗೆ ಐವತ್ತು ದಾಟಿತ್ತು. ಬಹಳ ವರ್ಷಗಳಿಂದ ಶುಗರ್ ಇತ್ತು. ಬಲಗಣ್ಣು ಕೆಂಪಾಗಿ ಮೂರು ದಿನವಾಗಿತ್ತು. ಮದ್ರಾಸ್ ಐ ಇರಬೇಕು ಅಂತ ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಿದ್ದರು. ನಾನು ನೋಡುವ ಹೊತ್ತಿಗೆ ಆ ಕಣ್ಣಿಗೆ ಎದುರು ಕೈ ಆಡಿಸಿದರೆ ಮಾತ್ರ ಗೊತ್ತಾಗುತ್ತಿತ್ತು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಹಿಂದೆ, ತಳದಲ್ಲಿ, ಬಿಳಿ ಕೀವು ಗೆರೆ ಎಳೆದ ಹಾಗೆ ನಿಂತಿತ್ತು.

ಕಣ್ಣಿಗೆ ಏಟು ಬಿದ್ದಿರಲಿಲ್ಲ. ಪೊರೆಯ ಆಪರೇಷನ್ ಆಗಿರಲಿಲ್ಲ. ಹೊರಗಿನಿಂದ ರೋಗಾಣು ಒಳಗೆ ಹೋಗಲು ದಾರಿಯೇ ಇರಲಿಲ್ಲ. ಹಾಗಾದರೆ ಅದು ರಕ್ತದ ಮೂಲಕ ಬಂದಿರಬೇಕು. ಇದಕ್ಕೆ ನಾವು ಎಂಡೋಜಿನಸ್ ಎಂಡಾಫ್ಥಾಲ್ಮೈಟಿಸ್ ಅನ್ನುತ್ತೇವೆ. ದೇಹದ ಬೇರೆಲ್ಲೋ ಇರುವ ಸೋಂಕು ರಕ್ತದಲ್ಲಿ ಸಾಗಿ ಕಣ್ಣಿನೊಳಗೆ ಇಳಿಯುವುದು ಅಂತ ಅರ್ಥ.

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪರದೆಯೇ ರೆಟಿನಾ. ಅದರ ಕೆಳಗೆ ಕೋರಾಯ್ಡ್ ಎಂಬ ಪದರ ಇದೆ. ಕೋರಾಯ್ಡ್ ಪೂರ್ತಿ ರಕ್ತನಾಳಗಳ ಬಲೆ. ಸಾಮಾನ್ಯವಾಗಿ ರಕ್ತದಲ್ಲಿ ಇರುವುದೆಲ್ಲ ಕಣ್ಣಿನೊಳಕ್ಕೆ ಹೋಗದಂತೆ ಅಲ್ಲಿ ಒಂದು ತಡೆ ಇರುತ್ತದೆ. ರೋಗಾಣುಗಳು ಹೆಚ್ಚಾಗಿ, ದೇಹದ ಶಕ್ತಿ ಕುಗ್ಗಿದಾಗ ಆ ತಡೆ ಮುರಿಯುತ್ತದೆ. ಅದರಾಚೆ ಇರುವುದು ವಿಟ್ರಿಯಸ್, ಕಣ್ಣಿನ ಒಳಗೆ ತುಂಬಿರುವ ತಿಳಿ ಜೆಲ್ಲಿ. ಅದರಲ್ಲಿ ರಕ್ತನಾಳಗಳೇ ಇಲ್ಲ. ಹಾಗಾಗಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಅಲ್ಲಿಗೆ ತಲುಪುವುದೇ ತಡ. ಒಮ್ಮೆ ಒಳಗೆ ಇಳಿದ ಬ್ಯಾಕ್ಟೀರಿಯಾ ಗಂಟೆಗಳ ಲೆಕ್ಕದಲ್ಲಿ ಬೆಳೆಯುತ್ತದೆ. ರೆಟಿನಾ ಹಾಳಾಗಲು ಒಂದೆರಡು ದಿನ ಸಾಕು.

ಆಕೆಯ ಬಲಪಕ್ಕೆಯ ಕೆಳಗೆ ಮೆಲ್ಲಗೆ ಒತ್ತಿದೆ. ಮುಖ ಕಿವುಚಿದರು. ಅದೇ ದಿನ ಸ್ಕ್ಯಾನ್ ಮಾಡಿಸಿದಾಗ ಲಿವರ್‌ನಲ್ಲಿ ಕೀವಿನ ಗಡ್ಡೆ ಕಾಣಿಸಿತು. ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ನಲ್ಲಿ ಬೆಳೆದಿದ್ದು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ. ಶುಗರ್ ಇರುವವರಲ್ಲಿ ಈ ಬ್ಯಾಕ್ಟೀರಿಯಾ ಲಿವರ್‌ನಲ್ಲಿ ಗಡ್ಡೆ ಕಟ್ಟಿ, ಅಲ್ಲಿಂದ ಕಣ್ಣಿಗೆ ಹಾರುವುದನ್ನು 1980ರ ದಶಕದಲ್ಲೇ ತೈವಾನಿನ ವೈದ್ಯರು ಬರೆದಿದ್ದರು. ಪೂರ್ವ ಏಷ್ಯಾದಲ್ಲಿ ಇದು ಜಾಸ್ತಿ. ನಮ್ಮಲ್ಲೂ ಇದೆ. ಕೆಲವೊಮ್ಮೆ ಲಿವರ್ ತೊಂದರೆ ಗೊತ್ತಾಗುವುದೇ ಕಣ್ಣಿನಿಂದ.

ಮೂಲ ಲಿವರ್ ಒಂದೇ ಅಲ್ಲ. ಮೂತ್ರದ ಸೋಂಕು, ಹೃದಯದ ಕವಾಟದ ಸೋಂಕು, ನ್ಯುಮೋನಿಯಾ, ಮಿದುಳು ಜ್ವರ, ಶುಗರ್ ಇರುವವರ ಕಾಲಿನ ಮಾಗದ ಹುಣ್ಣು, ಡಯಾಲಿಸಿಸ್‌ಗೆ ಹಾಕಿದ ಕೊಳವೆ, ಯಾವುದೂ ಆಗಬಹುದು.

ಇಲ್ಲಿ ಡ್ರಿಪ್ ಬಗ್ಗೆ ಒಂದು ಮಾತು ಹೇಳಲೇಬೇಕು. ಸುಸ್ತು ಅಂದರೆ ಸಾಕು, ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬರುವ ಅಭ್ಯಾಸ ನಮ್ಮ ಊರುಗಳಲ್ಲಿ ಇದೆ. ಆ ದ್ರವವೋ ಸೂಜಿಯೋ ಶುದ್ಧವಾಗಿಲ್ಲದಿದ್ದರೆ ಫಂಗಸ್ ನೇರವಾಗಿ ರಕ್ತಕ್ಕೆ ಸೇರಬಹುದು. ಬೇರೆ ಯಾವ ಕಾಯಿಲೆಯೂ ಇಲ್ಲದ ಗಟ್ಟಿಮುಟ್ಟಾದವರು ಹೀಗೆ ಡ್ರಿಪ್ ಹಾಕಿಸಿಕೊಂಡು, ಕೆಲವು ವಾರ ಬಿಟ್ಟು ಕಣ್ಣು ಮಂಜಾಗಿದೆ ಅಂತ ಬಂದ ಉದಾಹರಣೆಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಬಾಯಲ್ಲಿ ನೀರು ಇಳಿಯುವವರಿಗೆ ಸುಮ್ನೆ ಡ್ರಿಪ್ ಬೇಡ. ಇದನ್ನು ನಾನು ಪ್ರತಿ ರೋಗಿಗೂ ಹೇಳುತ್ತೇನೆ.

ಫಂಗಸ್‌ನ ಕಷ್ಟ ಏನೆಂದರೆ ಅದು ಸದ್ದಿಲ್ಲದೆ ಬರುತ್ತದೆ. ಕಣ್ಣು ಕೆಂಪಾಗದೇ ಇರಬಹುದು. ಕಣ್ಣ ಮುಂದೆ ಕಪ್ಪು ಚುಕ್ಕೆ, ಜೇಡರ ಬಲೆಯಂಥದ್ದು ತೇಲುತ್ತದೆ ಅನ್ನುತ್ತಾರೆ, ಅಷ್ಟೇ. ನೋಡುವವರಿಗೆ ಸೋಂಕಿಲ್ಲದ ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಬರೀ ಉರಿಯೂತದ ಹಾಗೆ ಕಾಣಬಹುದು. ಸ್ಟೀರಾಯ್ಡ್ ಡ್ರಾಪ್ಸ್ ಕೊಟ್ಟರೆ ಎರಡು ದಿನ ಹಿತ ಅನಿಸುತ್ತದೆ, ಆಮೇಲೆ ಒಳಗೊಳಗೇ ಹರಡುತ್ತದೆ. ನಮ್ಮ ವೃತ್ತಿಯವರೂ ಇಲ್ಲಿ ಎಡವುತ್ತಾರೆ. ರೋಗಿ ಹೋದ ತಿಂಗಳ ಜ್ವರದ ವಿಷಯ ಹೇಳದಿದ್ದರೆ, ನಾವೂ ಕೇಳದಿದ್ದರೆ, ಎಡವದೆ ಇರುವುದು ಕಷ್ಟ ಅಲ್ವಾ?

ಮದ್ರಾಸ್ ಐ ಬಂದಾಗ ಕಣ್ಣು ಚುಚ್ಚುತ್ತದೆ, ಪಿಸುರು ಕಟ್ಟುತ್ತದೆ. ಆದರೆ ಒರೆಸಿಕೊಂಡರೆ ಸಾಮಾನ್ಯವಾಗಿ ಮೊದಲಿನ ಹಾಗೇ ಕಾಣುತ್ತದೆ. ಒರೆಸಿದರೂ ಮಂಜಾಗೇ ಇದ್ದರೆ, ಒಳಗಿನಿಂದ ನೋವು ಬರುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ ಅದು ಬೇರೆ. ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿ ನೋಡಿ. ವ್ಯತ್ಯಾಸ ಇದ್ದರೆ ಅವತ್ತೇ ಹೊರಡಿ. ಹೋಗುವಾಗ ಜ್ವರದ ಚೀಟಿ, ಶುಗರ್ ರಿಪೋರ್ಟ್, ಹಾಕಿಸಿದ ಇಂಜೆಕ್ಷನ್ ವಿವರ ಎಲ್ಲ ಜೊತೆಗೆ ಇರಲಿ.

ಚಿಕಿತ್ಸೆ ಎರಡು ಕಡೆ ಒಟ್ಟಿಗೆ ನಡೆಯಬೇಕು. ಕಣ್ಣಿನೊಳಗಿಂದ ಚೂರು ದ್ರವ ತೆಗೆದು ಪರೀಕ್ಷೆಗೆ ಕಳಿಸಿ, ಅಲ್ಲೇ ಔಷಧಿ ಚುಚ್ಚುತ್ತೇವೆ. ಬರೀ ಡ್ರಾಪ್ಸ್‌ನಿಂದ ಅಷ್ಟು ಆಳಕ್ಕೆ ಔಷಧಿ ಇಳಿಯುವುದಿಲ್ಲ. ಕೆಲವರಿಗೆ ಒಳಗಿನ ಜೆಲ್ಲಿಯನ್ನೇ ತೆಗೆಯುವ ವಿಟ್ರೆಕ್ಟಮಿ ಆಪರೇಷನ್ ಬೇಕಾಗುತ್ತದೆ. ಅದೇ ಹೊತ್ತಿಗೆ ಫಿಜಿಷಿಯನ್ ಮೂಲ ಸೋಂಕಿನ ಬೆನ್ನು ಹತ್ತಬೇಕು.

ಆ ಅಮ್ಮನಿಗೆ ಎಲ್ಲವೂ ಆಯಿತು. ಲಿವರ್‌ನ ಕೀವನ್ನು ಕೊಳವೆ ಹಾಕಿ ತೆಗೆದರು. ಜೀವ ಉಳಿಯಿತು. ಎಡಗಣ್ಣು ಚೆನ್ನಾಗಿದೆ. ಬಲಗಣ್ಣಿಗೆ ಈಗ ಬೆಳಕು ಇದೆಯೋ ಇಲ್ಲವೋ ಅನ್ನುವುದಷ್ಟೇ ಗೊತ್ತಾಗುತ್ತದೆ. ಮೊದಲ ದಿನವೇ ಬಂದಿದ್ದರೆ ಪೂರ್ತಿ ಉಳಿಯುತ್ತಿತ್ತು ಅಂತ ಎದೆ ತಟ್ಟಿ ಹೇಳಲಾರೆ. ಆದರೆ ಆ ಮೂರು ದಿನ ನನ್ನನ್ನು ಈಗಲೂ ಕಾಡುತ್ತದೆ.

ಇನ್ನು ಐಸಿಯುನಲ್ಲಿ ಇರುವವರು. ವೆಂಟಿಲೇಟರ್ ಮೇಲೆ ಇರುವವರು ಕಣ್ಣು ಮಂಜಾಗಿದೆ ಅಂತ ಹೇಳುವುದಾದರೂ ಹೇಗೆ? ನಿಮ್ಮವರಿಗೆ ರಕ್ತದಲ್ಲಿ ಸೋಂಕು, ಅದರಲ್ಲೂ ಕ್ಯಾಂಡಿಡಾ ಫಂಗಸ್ ಇದೆ ಅಂತ ಹೇಳಿದ್ದರೆ, ಡ್ಯೂಟಿ ಡಾಕ್ಟರನ್ನು ಸಂಕೋಚ ಇಲ್ಲದೆ ಕೇಳಿ: "ಕಣ್ಣಿನ ಡಾಕ್ಟರನ್ನು ಕರೆಸಿ, ಪಾಪೆ ಹಿಗ್ಗಿಸಿ ಒಮ್ಮೆ ನೋಡಿಸೋದು ಬೇಕಾಗುತ್ತಾ?"