ಅಲ್ಯೂಮಿನಿಯಂ ಸಹಿಷ್ಣುತೆ: ಹುಳಿಮಣ್ಣಿನಲ್ಲಿ ಬೇರಿನ ಉಪಾಯ

ಅಲ್ಯೂಮಿನಿಯಂ ಎಂದರೆ ನಮಗೆ ಪಾತ್ರೆ, ಕಿಟಕಿಯ ಚೌಕಟ್ಟು. ಮಣ್ಣಿನಲ್ಲಿ ಅದು ಎಲ್ಲೆಲ್ಲೂ ಇದೆ. ಭೂಮಿಯ ಹೊರಪದರದ ಸುಮಾರು ಶೇ. 8ರಷ್ಟು ಈ ಲೋಹವೇ. ಜೇಡಿಯೊಳಗೆ ಕಟ್ಟುಬಿದ್ದಿರುವ ತನಕ ಗಿಡದ ತಂಟೆಗೆ ಬರುವುದಿಲ್ಲ. ಮಣ್ಣು ಹುಳಿಯಾಗಿ ರಸಸಾರ (ಪಿಎಚ್) 5ಕ್ಕಿಂತ ಕೆಳಗಿಳಿದರೆ ಕರಗಿ ನೀರಿಗೆ ಸೇರುತ್ತದೆ, ಬೇರಿನ ತುದಿಯನ್ನು ಹಿಡಿಯುತ್ತದೆ. ಕೆಲವೇ ಗಂಟೆಗಳಲ್ಲಿ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ. ಬೇರು ಮೊಂಡಾದ ಗಿಡಕ್ಕೆ ಆಳದ ನೀರು ಎಟುಕುವುದಿಲ್ಲ. ಸುಣ್ಣ ಹಾಕಬಹುದು, ಆದರೆ ಅದು ಕೆಳಮಣ್ಣಿಗೆ ಇಳಿಯುವುದು ಬಹಳ ನಿಧಾನ. ಇಂಥ ಮಣ್ಣಿನಲ್ಲಿಯೂ ಬೇರು ಬಿಡುವ, ವಂಶವಾಹಿಗಳ ಮೂಲಕ ಬಂದ ಗುಣವೇ ಅಲ್ಯೂಮಿನಿಯಂ ಸಹಿಷ್ಣುತೆ.

ಪದ ಮಾತ್ರ ತುಸು ದಾರಿ ತಪ್ಪಿಸುತ್ತದೆ. ಸಹಿಸುವುದೆಂದರೆ ನುಂಗಿಕೊಂಡು ಸುಮ್ಮನಿರುವುದು ತಾನೆ? ಗೋಧಿ ಹಾಗೆ ಮಾಡುವುದಿಲ್ಲ, ವಿಷವನ್ನು ಹೊಸ್ತಿಲಲ್ಲೇ ತಡೆಯುತ್ತದೆ. ಸೇಬಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲವನ್ನು ಅದರ ಬೇರಿನ ತುದಿ ಮ್ಯಾಲೇಟ್ ರೂಪದಲ್ಲಿ ಸ್ರವಿಸುತ್ತದೆ. ಮ್ಯಾಲೇಟ್ ಅಂಟಿಕೊಂಡ ಅಲ್ಯೂಮಿನಿಯಂ ಹಲ್ಲು ಕಿತ್ತ ಹಾವಿನಂತೆ. ಮ್ಯಾಲೇಟ್ ಹೊರಬೀಳುವ ಬಾಗಿಲು ಒಂದು ಪ್ರೋಟೀನು; ಅದನ್ನು ತೆರೆಸುವುದೂ ಅಲ್ಯೂಮಿನಿಯಮ್ಮೇ! ಇದರ ವಂಶವಾಹಿಯಾದ ಟಿಎ-ಎಎಲ್‌ಎಂಟಿ1 ಅನ್ನು ಜಪಾನ್ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ನನಗೆ ಸೋಜಿಗವೆನಿಸುವುದು ಇದು: ತಾಳಿಕೊಳ್ಳದ ಗೋಧಿಯಲ್ಲಿಯೂ ಈ ವಂಶವಾಹಿ ಇದೆ. ವ್ಯತ್ಯಾಸವಿರುವುದು ಅದರ ಮುಂದಿನ ನಿಯಂತ್ರಕ ಡಿಎನ್‌ಎ ತುಣುಕಿನಲ್ಲಿ. ತಾಳಿಕೆಯ ಹಲವು ತಳಿಗಳಲ್ಲಿ ಆ ತುಣುಕಿನ ಭಾಗಗಳು ಎರಡು ಮೂರು ಸಲ ಮರುಕಳಿಸಿವೆ. ಹಾಗಾಗಿ ವಂಶವಾಹಿ ಹೆಚ್ಚು ಚುರುಕು, ಬಾಗಿಲುಗಳೂ ಹೆಚ್ಚು.

ಇದನ್ನು ಕಣ್ಣಾರೆ ನೋಡಬಹುದು. ಮೊಳಕೆಯೊಡೆದ ಗೋಧಿಯ ಬೇರುಗಳನ್ನು ಅಲ್ಯೂಮಿನಿಯಂ ದ್ರಾವಣದಲ್ಲಿಟ್ಟು, ತೊಳೆದು, ಹೆಮಟಾಕ್ಸಿಲಿನ್ ಎಂಬ ಬಣ್ಣದಲ್ಲಿ ಅದ್ದುತ್ತಾರೆ. ವಿಷ ಹೊಕ್ಕ ತುದಿ ಕಡುನೇರಳೆಯಾಗುತ್ತದೆ, ತಡೆದ ತುದಿ ಬಿಳಿಯಾಗಿಯೇ ಉಳಿಯುತ್ತದೆ.

ಜೋಳದ ದಾರಿಯೂ ಇದೇ, ಆದರೆ ಅದು ಬಳಸುವುದು ನಿಂಬೆಯ ಹುಳಿ, ಅಂದರೆ ಸಿಟ್ರೇಟ್. ಅದರ ವಂಶವಾಹಿ 2007ರಲ್ಲಿ ಬ್ರೆಜಿಲ್ ಮತ್ತು ಅಮೆರಿಕದ ಸಂಶೋಧಕರಿಗೆ ಸಿಕ್ಕಿತು. ಬ್ರೆಜಿಲ್‌ನ ಸೆರಾಡೊ ಬಯಲಿನ ಮಣ್ಣು ಅಷ್ಟು ಹುಳಿ. ಉತ್ತರ ಕರ್ನಾಟಕದ ಎರೆಮಣ್ಣು ಕ್ಷಾರದ ಕಡೆಯದು. ಅಲ್ಲಿನ ಬಿಳಿಜೋಳಕ್ಕೆ ಈ ಚಿಂತೆಯೇ ಇಲ್ಲ.

ಚಿಂತೆಯಿರುವುದು ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ. ಅಲ್ಲಿನ ಬೆಳೆಯಾದ ಭತ್ತವೋ, ಧಾನ್ಯಗಳಲ್ಲೇ ಈ ವಿಷಕ್ಕೆ ಗಟ್ಟಿಗ. ಅದು ಹುಳಿ ಚೆಲ್ಲುವುದನ್ನು ಹೆಚ್ಚು ನಂಬಿಕೊಂಡಿಲ್ಲ. ಎನ್‌ಆರ್‌ಎಟಿ1 ಎಂಬ ಪ್ರೋಟೀನು ಅಲ್ಯೂಮಿನಿಯಮನ್ನು ಜೀವಕೋಶದೊಳಕ್ಕೇ ಕರೆತರುತ್ತದೆ; ಎಎಲ್‌ಎಸ್1 ಎಂಬ ಇನ್ನೊಂದು ಅದನ್ನು ಕೋಶದೊಳಗಿನ ಚೀಲವಾದ ರಸದಾನಿಗೆ ತಳ್ಳಿ ಕೂಡಿಹಾಕುತ್ತದೆ. ಇವೆರಡನ್ನೂ ಸೇರಿಸಿ ಮೂವತ್ತರಷ್ಟು ವಂಶವಾಹಿಗಳಿಗೆ ಚಾಲನೆ ಕೊಡುವುದು ಎಆರ್‌ಟಿ1 ಎಂಬ ಒಂದೇ ವಂಶವಾಹಿ. ಸಹಿಷ್ಣುತೆ ಎಂಬ ಮಾತು ಅಕ್ಷರಶಃ ಒಪ್ಪುವುದು ಭತ್ತಕ್ಕೇ.