ಹಳೆ ರಾಕ್ ದಿಗ್ಗಜರ ಹೊಸ ಹಾಡು: ಮನೆ ಯಾರದು, ನೆಂಟರು ಯಾರು?

ಅಮೆರಿಕದ ಹಳೆ ರಾಕ್ ತಂಡ ಏರೋಸ್ಮಿತ್ 2025ರ ನವೆಂಬರಿನಲ್ಲಿ ಇಂಗ್ಲೆಂಡಿನ ಯುವ ಗಾಯಕ ಯಂಗ್‌ಬ್ಲಡ್ ಜೊತೆ ಸೇರಿ ಹೊಸ ಹಾಡುಗಳನ್ನು ಹೊರತಂದಿತು. ತಂಡದ ಗಾಯಕ ಸ್ಟೀವನ್ ಟೈಲರ್‌ಗೆ ಆಗ 77 ವರ್ಷ, ಯಂಗ್‌ಬ್ಲಡ್‌ಗೆ 28. ಟೈಲರ್ ಗಂಟಲಿಗೆ 2023ರಲ್ಲಿ ಪೆಟ್ಟಾಗಿತ್ತು. ಇನ್ನು ಟೂರ್ ಮಾಡುವುದಿಲ್ಲ ಎಂದು ತಂಡ 2024ರಲ್ಲೇ ಹೇಳಿಬಿಟ್ಟಿತ್ತು. ಹಾಗಾಗಿ ಹೊಸ ಹಾಡು ಬಂದದ್ದೇ ಹಬ್ಬ ಅಂತ ಒಂದು ಗುಂಪು. 'ಆ ಹುಡುಗನಿಗೆ ಇಲ್ಲೇನು ಕೆಲಸ' ಅಂತ ಇನ್ನೊಂದು ಗುಂಪು.

ನಾನು ಮೈಸೂರಿನಲ್ಲಿ ರೆಕಾರ್ಡಿಂಗ್, ಮಿಕ್ಸಿಂಗ್ (ಬೇರೆಬೇರೆ ದನಿಗಳನ್ನು ಹದವಾಗಿ ಕೂಡಿಸುವ ಕೆಲಸ) ಮಾಡಿಕೊಂಡಿರುವವನು. ಹೊಟ್ಟೆಪಾಡು ನಡೆಯುವುದು ದೇವರನಾಮ, ಭಾವಗೀತೆ, ಶಾಲಾ ವಾರ್ಷಿಕೋತ್ಸವದ ಟ್ರ್ಯಾಕುಗಳಿಂದ. ಆದರೆ ದೇವರಾಜ ಅರಸ್ ರಸ್ತೆಯಲ್ಲಿ ಕ್ಯಾಸೆಟ್ ಹುಡುಕಿಕೊಂಡು ಬೆಳೆದ ರಾಕ್ ಪ್ರೇಮಿಗಳು ಈ ಊರಲ್ಲಿ ಕಮ್ಮಿ ಇಲ್ಲ. ಇಂಥ ಹಾಡು ಬಂದಾಗಲೆಲ್ಲ ಅವರಲ್ಲಿ ಒಬ್ಬರಾದರೂ ಫೋನ್ ಮಾಡುತ್ತಾರೆ. 'ಸಾರ್, ಇದರಲ್ಲಿ ಏನೋ ಸರಿ ಇಲ್ಲ. ಏನು ಅಂತ ಹೇಳಿ.' ಈ 'ಏನೋ' ಇದೆಯಲ್ಲ, ಅದರಲ್ಲಿ ಒಂದು ಪಾಲು ಕೇಳುವವರ ಕಿವಿಯಲ್ಲಿದೆ. ಇನ್ನೊಂದು ಪಾಲು ನಿಜವಾಗಿಯೂ ರೆಕಾರ್ಡಿನಲ್ಲೇ ಇದೆ, ಬೆರಳಿಟ್ಟು ತೋರಿಸಬಹುದು.

ಮೊದಲು ಕಿವಿಯ ಮಾತು. ನಮ್ಮ ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸ್ ಗಣಪತಿ ಪೆಂಡಾಲಿನಲ್ಲಿ ವಯಸ್ಸಾದ ವಿದ್ವಾಂಸರು ಶ್ರುತಿ ಅರ್ಧ ಮನೆ, ಅಂದರೆ ಸ್ವರದ ಒಂದು ಸಣ್ಣ ಮೆಟ್ಟಿಲು, ಇಳಿಸಿಕೊಂಡು ಹಾಡಿದರೆ ಯಾರೂ ತಕರಾರು ಮಾಡುವುದಿಲ್ಲ. ತಾರಷಡ್ಜದ ಮೇಲೆ ಹೋಗುವುದು ಕಷ್ಟವಾದರೆ ಅವರು ಮಂದ್ರದಲ್ಲೇ ರಾಗ ಬೆಳೆಸುತ್ತಾರೆ. ಆ ಕೃತಿಗೆ 'ಒರಿಜಿನಲ್' ಅಂತ ಒಂದು ಧ್ವನಿಮುದ್ರಿಕೆ ಇಲ್ಲ. ರಾಕ್‌ನಲ್ಲಿ ಹಾಗಲ್ಲ. ಅಲ್ಲಿ ರೆಕಾರ್ಡೇ ಕೃತಿ. ಆ ಡ್ರಮ್ಮಿನ ಸದ್ದು, ಆ ಕೋಣೆಯ ಗುಂಗು, ಎರಡನೇ ಚರಣದಲ್ಲಿ ಗಾಯಕ ಉಸಿರೆಳೆಯುವ ಸದ್ದು, ಎಲ್ಲವೂ ಹಾಡೇ. ಹದಿಹರೆಯದಲ್ಲಿ ಮತ್ತೆ ಮತ್ತೆ ಕೇಳಿದ್ದು ತಲೆಯಲ್ಲಿ ಅಚ್ಚೊತ್ತಿ ಕೂತಿರುತ್ತದೆ. ಅದೇ ಹೆಸರು ಹೊತ್ತ ಹೊಸ ಹಾಡು ಬಂದಾಗ ಕಿವಿ ಗೊತ್ತಿಲ್ಲದೆಯೇ ಹೋಲಿಸುತ್ತದೆ. ನೂರಾರು ಸಲ ಕೇಳಿದ ಹಳೆಯದಕ್ಕೂ ಮೊದಲ ಸಲ ಕೇಳಿದ ಹೊಸದಕ್ಕೂ ನಡೆಯುವ ಸ್ಪರ್ಧೆ ಅದು. ಹೊಸದು ಗೆಲ್ಲುವುದು ಎಲ್ಲಿಂದ?

ಇನ್ನು ರೆಕಾರ್ಡಿನಲ್ಲಿ ಇರುವ ಕಾರಣಗಳು. ಗಂಟಲಿಗೆ ವಯಸ್ಸಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಹೇಗೆ ಆಗುತ್ತದೆ ಅನ್ನುವುದು ಮುಖ್ಯ. ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಗಟ್ಟಿಯಾಗುತ್ತದೆ, ಧ್ವನಿತಂತುಗಳು ತೆಳುವಾಗಿ ಪೂರ್ತಿ ಕೂಡಿಕೊಳ್ಳುವುದಿಲ್ಲ, ಶ್ವಾಸಕೋಶದ ಹಿಡಿತ ತಗ್ಗುತ್ತದೆ. ಆದ್ದರಿಂದ ಮೇಲಿನ ಸ್ವರ ಸಿಗದೇ ಹೋಗುವುದಷ್ಟೇ ಅಲ್ಲ, ಸಾಲಿನ ಕೊನೆಯಲ್ಲಿ ದನಿ ಗಾಳಿಯಾಗುತ್ತದೆ, ನಡುಗುತ್ತದೆ. ಗಿಟಾರಿಸ್ಟ್‌ಗೆ ಈ ತೊಂದರೆ ಇಷ್ಟಿಲ್ಲ. ಬೆರಳು ನಿಧಾನವಾಗಬಹುದು. ಆದರೆ ತಂತಿಯನ್ನು ಎಳೆಯುವ ರೀತಿ, ಒಂದು ಸ್ವರ ಬಿಟ್ಟು ಇನ್ನೊಂದಕ್ಕೆ ಹೋಗುವ ಮುಂಚೆ ಕಾಯುವ ರೀತಿ ಹಾಗೇ ಉಳಿಯುತ್ತದೆ. ಗಿಟಾರಿಸ್ಟ್ ಸಂತಾನಾ 1999ರಲ್ಲಿ ಸಣ್ಣ ವಯಸ್ಸಿನ ಗಾಯಕರನ್ನೆಲ್ಲ ಕರೆದು ಮಾಡಿದ ಆಲ್ಬಂ ಅಷ್ಟು ದೊಡ್ಡದಾಗಿ ಗೆದ್ದದ್ದಕ್ಕೆ ಇದೂ ಒಂದು ಕಾರಣ. ಅವರ 'ದನಿ' ಗಿಟಾರು. ಅದಕ್ಕೆ ಮುಪ್ಪು ಬಂದಿರಲಿಲ್ಲ.

ಗಂಟಲಿಗೆ ಅನುಕೂಲವಾಗಲಿ ಅಂತ ಶ್ರುತಿ ಇಳಿಸಿದರೆ ಬೇರೆ ಕಡೆ ಬಿಸಿ ತಟ್ಟುತ್ತದೆ. ಗಿಟಾರನ್ನು ಅರ್ಧ ಮನೆ ಇಳಿಸಿದರೆ ತಂತಿಯ ಬಿಗಿ ಸುಮಾರು ನೂರಕ್ಕೆ ಹನ್ನೊಂದರಷ್ಟು ಕಡಿಮೆಯಾಗುತ್ತದೆ. ಒಂದು ಮನೆ ಇಳಿಸಿದರೆ ಕೆಳಗಿನ ತಂತಿ 82 ಹರ್ಟ್ಸ್‌ನಿಂದ 73ಕ್ಕೆ ಬರುತ್ತದೆ, ಅಂದರೆ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್‌ ಇರುವ ಜಾಗಕ್ಕೆ ಇನ್ನಷ್ಟು ಹತ್ತಿರ. ಎಲ್ಲ ಕಲಸಿಹೋಗುತ್ತದೆ. ಆಗ ನಮ್ಮಂಥವರು ಗಿಟಾರಿನ ಕೆಳಭಾಗವನ್ನು ಕತ್ತರಿಸುತ್ತೇವೆ. ಕತ್ತರಿಸಿದ ಮೇಲೆ ಅಭಿಮಾನಿ ಹೇಳುತ್ತಾರೆ, 'ಮೊದಲಿನ ಗತ್ತು ಇಲ್ಲ.' ಅವರು ಹೇಳುವುದು ಸರಿಯೇ. ಆದರೆ ಬೈಗುಳ ಗಿಟಾರಿಸ್ಟ್‌ಗೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ಜಗಳ ನಡೆಯುವುದು ನಿರ್ಮಾಪಕ, ಅಂದರೆ ಸ್ಟುಡಿಯೋದಲ್ಲಿ ಕೂತು ಸದ್ದು ರೂಪಿಸುವವನ ವಿಚಾರದಲ್ಲಿ. ಬ್ರಿಟನ್ನಿನ ಹಳೆ ತಂಡ ರೋಲಿಂಗ್ ಸ್ಟೋನ್ಸ್‌ನವರು 2023ರ ಅಕ್ಟೋಬರಿನಲ್ಲಿ 'ಹ್ಯಾಕ್ನಿ ಡೈಮಂಡ್ಸ್' ಹೊರತಂದರು. 2005ರ ನಂತರ ಅವರ ಸ್ವಂತ ಹಾಡುಗಳ ಮೊದಲ ಆಲ್ಬಂ ಅದು. ಗಾಯಕ ಮಿಕ್ ಜಾಗರ್‌ಗೆ ಆಗ 80. ಪಾಲ್ ಮ್ಯಾಕಾರ್ಟ್ನಿ ಒಂದು ಹಾಡಿಗೆ ಬೇಸ್ ನುಡಿಸಿದರು. ಎಲ್ಟನ್ ಜಾನ್, ಸ್ಟೀವಿ ವಂಡರ್, ಲೇಡಿ ಗಾಗಾ ಎಲ್ಲ ಬಂದರು. 2021ರಲ್ಲಿ ತೀರಿಕೊಂಡ ಅವರ ಡ್ರಮ್ಮರ್ ಚಾರ್ಲಿ ವಾಟ್ಸ್ ನುಡಿಸಿಟ್ಟು ಹೋಗಿದ್ದ ಡ್ರಮ್ಸ್ ಎರಡು ಹಾಡುಗಳಲ್ಲಿದೆ. ಇದರ ನಿರ್ಮಾಪಕ ಆಂಡ್ರೂ ವಾಟ್, 1990ರಲ್ಲಿ ಹುಟ್ಟಿದವರು. ಓಝಿ ಆಸ್‌ಬಾರ್ನ್ ಅವರ 2020 ಮತ್ತು 2022ರ ಆಲ್ಬಂಗಳು, ಇಗ್ಗಿ ಪಾಪ್ ಅವರ 2023ರದ್ದು, ಪರ್ಲ್ ಜ್ಯಾಮ್‌ನ 2024ರದ್ದು, ಎಲ್ಟನ್ ಜಾನ್ ಮತ್ತು ಬ್ರಾಂಡಿ ಕಾರ್ಲೈಲ್ ಜೊತೆಯಾಗಿ 2025ರಲ್ಲಿ ಮಾಡಿದ್ದು, ಎಲ್ಲದರಲ್ಲೂ ಇದೇ ಕೈ. 'ಎಲ್ಲ ಹಳಬರೂ ಒಂದೇ ಥರ ಕೇಳ್ತಾರೆ' ಅಂತ ಗೊಣಗುವವರು ಸುಮ್ನೆ ಹೇಳುತ್ತಿಲ್ಲ.

ಆ 'ಒಂದೇ ಥರ' ಅಂದರೆ ಏನು? ಎರಡು ಸಂಗತಿ. ಮೊದಲನೆಯದು ಲಯ. ಹಳೆ ರೆಕಾರ್ಡುಗಳಲ್ಲಿ ಲಯ ಉಸಿರಾಡುತ್ತದೆ, ಪಲ್ಲವಿ ಬಂದಾಗ ಕೊಂಚ ಮುಂದೋಡುತ್ತದೆ. ಸ್ಟೋನ್ಸ್ ಹಾಡುಗಳಲ್ಲಿ ಡ್ರಮ್ಮರ್ ವಾಟ್ಸ್, ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಅವರನ್ನು ಹಿಂಬಾಲಿಸುತ್ತಿದ್ದರು, ಆ ಕೂದಲೆಳೆಯ ವಿಳಂಬವೇ ಅವರ ಸೊಗಸು. ಇವತ್ತು ಹೆಚ್ಚಿನವರು ಕಿವಿಯಲ್ಲಿ ತಾಳ ಎಣಿಸುವ ಕ್ಲಿಕ್ ಸದ್ದು ಇಟ್ಟುಕೊಂಡು ನುಡಿಸುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದು ಪೆಟ್ಟನ್ನೂ ಸಾಲಿಗೆ ಸರಿಸಬಹುದು. ನಾನೂ ಸರಿಸುತ್ತೇನೆ, ಗಿರಾಕಿ ಕೇಳಿದರೆ.

ಇನ್ನೊಂದು ಸದ್ದಿನ ಗಟ್ಟಿತನ. ಮೆಲ್ಲನೆಯ ದನಿಗೂ ಜೋರು ದನಿಗೂ ಇರುವ ಅಂತರವನ್ನು ಒತ್ತಿ ಒತ್ತಿ ಕಡಿಮೆ ಮಾಡಿ, ಹಾಡು ಶುರುವಿನಿಂದ ಕೊನೆಯವರೆಗೆ ಒಂದೇ ಸಮ ಕಿರುಚುವ ಹಾಗೆ ಮಾಡುವುದು. ಹೆವಿ ಮೆಟಲ್ ತಂಡ ಮೆಟಾಲಿಕಾದ 2008ರ ಆಲ್ಬಂ ಇದಕ್ಕೆ ಕುಖ್ಯಾತ. ಅದೇ ಹಾಡುಗಳು ಗಿಟಾರ್ ಹೀರೋ ಅನ್ನುವ ವಿಡಿಯೋ ಗೇಮ್‌ನಲ್ಲಿ ಇನ್ನೂ ಸ್ವಚ್ಛವಾಗಿ ಕೇಳುತ್ತಿದ್ದವು. ಸಿಡಿಗಿಂತ ಗೇಮೇ ವಾಸಿ ಅಂತ ಅಭಿಮಾನಿಗಳು ಗಲಾಟೆ ಎಬ್ಬಿಸಿದರು. ತಮಾಷೆ ಅಂದರೆ, ಈಗ ಸ್ಪಾಟಿಫೈನಂಥ ಕಡೆ ಎಲ್ಲ ಹಾಡನ್ನೂ ಸುಮಾರು ಒಂದೇ ಮಟ್ಟಕ್ಕೆ, ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಗಟ್ಟಿತನ ಅಳೆಯುವ ಮಾನ) ಹತ್ತಿರ ತಂದು ನಿಲ್ಲಿಸುತ್ತಾರೆ. ಅಷ್ಟು ಕಷ್ಟಪಟ್ಟು ಗಟ್ಟಿ ಮಾಡಿದ್ದನ್ನು ಅವರು ಇಳಿಸಿಬಿಡುತ್ತಾರೆ. ಗಟ್ಟಿ ಹೋಗುತ್ತದೆ, ಜಜ್ಜಿದ ಗಾಯ ಉಳಿಯುತ್ತದೆ. ಆದರೂ ಈ ಚಟ ಬಿಟ್ಟಿಲ್ಲ.

ಇಷ್ಟೆಲ್ಲ ಇದ್ದರೂ, ಜೊತೆಗೂಡಿ ಮಾಡಿದ ಹಾಡುಗಳಲ್ಲಿ ಅಭಿಮಾನಿಗಳು ಒಡೆಯಲು ದೊಡ್ಡ ಕಾರಣ ಬೇರೆಯೇ ಇದೆ ಅಂತ ನನ್ನ ಅನಿಸಿಕೆ. ಈ ರೆಕಾರ್ಡು ಯಾರ ಮನೆ, ಬಂದ ನೆಂಟರು ಯಾರು ಅನ್ನುವುದು ಮಿಕ್ಸ್ ಕೇಳಿದರೆ ಗೊತ್ತಾಗಬೇಕು. ಇಬ್ಬರು ಯಜಮಾನರು ಒಂದೇ ಮನೆಯಲ್ಲಿ ನಿಂತರೆ ಜಗಳ ಖಂಡಿತ.

ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದು 2011ರ ಅಕ್ಟೋಬರ್ 30ರಂದು. ಮೈಸೂರಿನಿಂದಲೂ ಹುಡುಗರು ಗುಂಪುಗುಂಪಾಗಿ ಹೋಗಿದ್ದರು. ಮಾರನೆಯ ದಿನವೇ, ಅಕ್ಟೋಬರ್ 31ರಂದು, ಅದೇ ತಂಡ ಹಿರಿಯ ರಾಕ್ ಗಾಯಕ ಲೂ ರೀಡ್ ಜೊತೆ ಮಾಡಿದ ಆಲ್ಬಂ 'ಲುಲು' ಬಿಡುಗಡೆಯಾಯಿತು. ಮೈದಾನದ ಧೂಳು ಇನ್ನೂ ಬೂಟಿನಲ್ಲಿರುವಾಗಲೇ ಅದನ್ನು ಹಾಕಿ ಕೇಳಿದವರ ಮುಖ ನೋಡಬೇಕಿತ್ತು! ಇಬ್ಬರೂ ಮೊದಲು ಕೂಡಿದ್ದು 2009ರಲ್ಲಿ ನ್ಯೂಯಾರ್ಕಿನ ಒಂದು ದೊಡ್ಡ ಸಂಗೀತ ಕಛೇರಿಯಲ್ಲಿ. ಆಲ್ಬಂಗೆ ಆಧಾರ ಜರ್ಮನ್ ನಾಟಕಕಾರ ವೆಡೆಕಿಂಡ್‌ನ ನಾಟಕಗಳು. 69 ವರ್ಷದ ರೀಡ್ ಬಹುಪಾಲು ಹಾಡುವುದಿಲ್ಲ, ಮಾತಾಡುತ್ತಾರೆ. ಆ ಒಣ ಮುದಿ ದನಿಯನ್ನು ತಂದು ಎಲ್ಲಕ್ಕಿಂತ ಮುಂದೆ ನಿಲ್ಲಿಸಿದ್ದಾರೆ. ಹಿಂದೆ ಮೆಟಾಲಿಕಾ ಪೂರ್ತಿ ಭಾರ ಹಾಕಿ ನುಡಿಸುತ್ತಿದೆ. ಮೆಟಾಲಿಕಾ ಅಭಿಮಾನಿಗಳಿಗೆ ನಮ್ಮ ಮನೆಗೆ ಯಾರೋ ನುಗ್ಗಿದರು ಅನ್ನಿಸಿತು. ರೀಡ್ ಅಭಿಮಾನಿಗಳಿಗೆ ಈ ಗದ್ದಲ ಯಾಕೆ ಅನ್ನಿಸಿತು. ನನಗೂ ಆಲ್ಬಂನ ಬಹುಭಾಗ ಹಿಡಿಸಲಿಲ್ಲ. ಆದರೆ ಕೊನೆಯ ಹತ್ತೊಂಬತ್ತು ನಿಮಿಷದ ಹಾಡಿನಲ್ಲಿ ತಂಡ ಹಿಂದೆ ಸರಿದು ಆ ದನಿಗೆ ಜಾಗ ಬಿಟ್ಟುಕೊಡುತ್ತದೆ. ಅದೊಂದನ್ನು ಈಗಲೂ ಹಾಕಿಕೊಂಡು ಕೇಳುತ್ತೇನೆ. ಅಷ್ಟರಮಟ್ಟಿಗೆ ಅದು ಒಳ್ಳೆಯ ಮಿಕ್ಸ್.

ಇದಕ್ಕೆ ತದ್ವಿರುದ್ಧ ರಾಬರ್ಟ್ ಪ್ಲಾಂಟ್ ಮತ್ತು ಆಲಿಸನ್ ಕ್ರಾಸ್ 2007ರಲ್ಲಿ ಮಾಡಿದ್ದು. ಲೆಡ್ ಜೆಪ್ಲಿನ್‌ನಲ್ಲಿ ಕಿರುಚುತ್ತಿದ್ದವರು, ಬ್ಲೂಗ್ರಾಸ್ ಎಂಬ ಅಮೆರಿಕದ ಜನಪದ ಶೈಲಿಯಲ್ಲಿ ಹಾಡುವ ಹೆಂಗಸು. ಅಲ್ಲಿ ಇಬ್ಬರ ಮನೆಯೂ ಅಲ್ಲ. ನಿರ್ಮಾಪಕ ಟಿ ಬೋನ್ ಬರ್ನೆಟ್ ತಮ್ಮದೇ ವಾದ್ಯಗಾರರನ್ನು ಕೂರಿಸಿ, ಹೆಚ್ಚಾಗಿ ಬೇರೆಯವರ ಹಾಡುಗಳನ್ನೇ ಆರಿಸಿ, ಇಬ್ಬರನ್ನೂ ನೆಂಟರನ್ನಾಗಿ ಮಾಡಿದರು. ಪ್ಲಾಂಟ್ ಇಲ್ಲಿ ಪಿಸುಗುಟ್ಟುತ್ತಾರೆ. ಹಳೆ ಕಿರುಚು ಬೇಕು ಅಂತ ಯಾರೂ ಅನ್ನಲೇ ಇಲ್ಲ, ಯಾಕೆಂದರೆ ಆ ಸದ್ದಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. 2009ರಲ್ಲಿ ವರ್ಷದ ಆಲ್ಬಂ ಎಂಬ ಗ್ರಾಮಿ ಬಂತು. ಜಾರ್ಜ್ ಹ್ಯಾರಿಸನ್, ಬಾಬ್ ಡಿಲನ್, ಟಾಮ್ ಪೆಟ್ಟಿ, ಜೆಫ್ ಲಿನ್, ರಾಯ್ ಆರ್ಬಿಸನ್ 1988ರಲ್ಲಿ ಹೊಸ ಹೆಸರಿಟ್ಟುಕೊಂಡು, ಒಂದೇ ಕೋಣೆಯಲ್ಲಿ ಗಿಟಾರ್ ಹಿಡಿದು ಕೂತು ಮಾಡಿದ್ದಕ್ಕೂ, ಯಾರೊಬ್ಬರ ಮನೆಯೂ ಅಲ್ಲದ ಇದೇ ಲಾಭ ಸಿಕ್ಕಿತು. ಈಗ ಬಹಳಷ್ಟು 'ಜೊತೆಗೂಡಿದ' ಹಾಡುಗಳಲ್ಲಿ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಫೈಲ್ ಹೋಗುತ್ತದೆ, ಫೈಲ್ ಬರುತ್ತದೆ. ಒಬ್ಬರ ಮೈಕಿನಲ್ಲಿ ಇನ್ನೊಬ್ಬರ ಸದ್ದು ಸ್ವಲ್ಪವೂ ಸೋರಿರುವುದಿಲ್ಲ. ಕೇಳುಗನಿಗೆ ಇದನ್ನು ಹೆಸರಿಸಲು ಬಾರದಿರಬಹುದು, ಗೊತ್ತಂತೂ ಆಗುತ್ತದೆ.

ಬೀಟಲ್ಸ್‌ನ 2023ರ ಕೊನೆಯ ಹಾಡಿನ ಬಗ್ಗೆ ಒಂದು ಮಾತು, ಯಾಕೆಂದರೆ ಅದರ ಜಗಳ ಅರ್ಧಕ್ಕರ್ಧ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು. ಎಂದೋ ತೀರಿಕೊಂಡ ಜಾನ್ ಲೆನನ್ ದನಿಯನ್ನು ಕಂಪ್ಯೂಟರ್ ಸೃಷ್ಟಿಸಿತು ಅಂತ ಬಹಳ ಜನ ಈಗಲೂ ನಂಬಿದ್ದಾರೆ. ಇಲ್ಲ. 1970ರ ದಶಕದ ಕೊನೆಯ ಒಂದು ಕ್ಯಾಸೆಟ್ಟಿನಲ್ಲಿ ದನಿ ಮತ್ತು ಪಿಯಾನೊ ಒಟ್ಟಿಗೆ ಅಂಟಿಕೊಂಡಿದ್ದವು. 1995ರಲ್ಲಿ ಬಿಡಿಸಲಾಗದೆ ಕೈಬಿಟ್ಟಿದ್ದರು. ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ತಂಡದ ತಂತ್ರಾಂಶ ಎರಡನ್ನೂ ಬೇರ್ಪಡಿಸಿತು. ದನಿ ಲೆನನ್‌ದೇ. ಅದನ್ನು ಬಳಸಬೇಕಿತ್ತೇ ಎಂಬ ಪ್ರಶ್ನೆ ಬೇರೆ, ಅದಕ್ಕೆ ನನ್ನಂಥವರ ಉತ್ತರ ಬೇಕಿಲ್ಲ.

ಊರಿನ ಒಂದು ಕೆಲಸ ಹೇಳಿದರೆ ಈ ಮನೆ-ನೆಂಟರ ಮಾತು ಇನ್ನೂ ಸ್ಪಷ್ಟವಾದೀತು. ಇಂಜಿನಿಯರಿಂಗ್ ಕಾಲೇಜಿನ ದಿನಗಳಲ್ಲಿ ಬ್ಯಾಂಡ್ ಕಟ್ಟಿದ್ದ ಗೆಳೆಯರು, ಈಗ ಐವತ್ತು ದಾಟಿದವರು, ಒಂದು ಹೊಸ ಕನ್ನಡ ಹಾಡು ಮಾಡಲು ಬಂದರು. ಅರ್ಧ ಹಾಡನ್ನು ಗಿಟಾರಿಸ್ಟ್‌ನ ಮಗಳು ಹಾಡಿದಳು. ಮೊದಲ ಮಿಕ್ಸ್ ಅನ್ನು ಗೆಳೆಯರಿಗೆ ಕಳಿಸಿದರು. ಕಾಲೇಜು ಫೆಸ್ಟಿನಲ್ಲಿ ಅವರನ್ನು ಕೇಳಿದ್ದ ಹಳಬರೆಲ್ಲ 'ಆ ಹುಡುಗಿ ದನಿ ಸ್ವಲ್ಪ ಇಳಿಸ್ರಪ್ಪ' ಅಂದರು. ಮಗಳ ಗೆಳತಿಯರು 'ಚೆನ್ನಾಗಿದೆ ಕಣೇ, ಆದ್ರೆ ಮಧ್ಯೆ ಆ ಅಂಕಲ್ ಯಾಕೆ ಹಾಡ್ತಾರೆ' ಅಂದರಂತೆ. ಎರಡು ಕಡೆಯವರೂ ಕೇಳಿದ್ದು ಒಂದೇ ಫೈಲು.

ತೊಂದರೆ ಫೇಡರಿನಲ್ಲಿ (ದನಿಯ ಮಟ್ಟ ಏರಿಸಿ ಇಳಿಸುವ ಗುಂಡಿ) ಇರಲಿಲ್ಲ, ಶ್ರುತಿಯಲ್ಲಿತ್ತು. ಹಳೆ ಗಾಯಕನ ಅನುಕೂಲಕ್ಕೆ ಹಾಡನ್ನು ಒಂದೂವರೆ ಮನೆ ಇಳಿಸಿದ್ದರಿಂದ ಹುಡುಗಿಯ ದನಿ ತೀರಾ ಕೆಳಗೆ ಸಿಕ್ಕಿಹಾಕಿಕೊಂಡು ಮಂಕಾಗಿತ್ತು. ಮಂಕನ್ನು ಮುಚ್ಚಲು ನಾನು ಅವಳ ಲೆವೆಲ್ ಏರಿಸಿದ್ದೆ. ಕೊನೆಗೆ ಅವಳ ಭಾಗ ಬರುವಾಗ ಹಾಡೇ ಮೇಲಿನ ಶ್ರುತಿಗೆ ಜಿಗಿಯುವ ಹಾಗೆ ಮರು ಜೋಡಿಸಿದೆವು. ಲೆವೆಲ್ ತಾನಾಗಿ ಇಳಿಯಿತು. ಅಂಕಲ್ ನಡುಗುವ ಕಡೆ ನಡುಕವನ್ನು ಹಾಗೇ ಬಿಟ್ಟೆ. ತಿದ್ದಿದ್ದರೆ ಇಪ್ಪತ್ತರ ಹುಡುಗನ ಪಕ್ಕದಲ್ಲಿ ಅವಳು ಹಾಡಿದ ಹಾಗಾಗುತ್ತಿತ್ತು, ಆಗ ಹಾಡಿನ ಮಾತೇ ಸುಳ್ಳಾಗುತ್ತಿತ್ತು. ಹಳಬರಲ್ಲಿ ಕೆಲವರಿಗೆ ಈಗಲೂ ಇಷ್ಟವಿಲ್ಲ. ಇರಲಿ.

ಮನೆಯಲ್ಲಿ ಹಳೆಯದನ್ನೂ ಹೊಸದನ್ನೂ ಹೋಲಿಸುವವರು ಮೊದಲು ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ. ಒಂದೆರಡು ಡೆಸಿಬೆಲ್ ಜೋರಾಗಿದ್ದರೆ ಸಾಕು, ಕಿವಿ ಅದನ್ನೇ 'ಚೆನ್ನಾಗಿದೆ' ಅನ್ನುತ್ತದೆ. ಹೊಸದನ್ನು ಒಂದು ವಾರ ಬಿಟ್ಟು ಇನ್ನೊಮ್ಮೆ ಕೇಳಿ.

ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ: ಇಂಥ ಆಲ್ಬಂನ ವೈನಿಲ್, ಅಂದರೆ ಎಲ್‌ಪಿ ತಟ್ಟೆ, ತಗೊಳ್ಳಬಹುದಾ, ಚೆನ್ನಾಗಿರುತ್ತಾ? ಎಲ್‌ಪಿಯ ಗೆರೆಯಲ್ಲಿ ಸಿಡಿಯಷ್ಟು ಒತ್ತಿದ ಸದ್ದನ್ನು ಕೊರೆಯುವುದು ಕಷ್ಟ. ಗೆರೆ ಅಗಲವಾಗುತ್ತದೆ, ಒಂದು ಬದಿಯಲ್ಲಿ ಹಿಡಿಸುವ ನಿಮಿಷ ಕಡಿಮೆಯಾಗುತ್ತದೆ. ಅದಕ್ಕೇ ಕೆಲವರು ವೈನಿಲ್‌ಗೆಂದು ಬೇರೆಯೇ ಮಾಸ್ಟರ್ (ಅಚ್ಚಿಗೆ ಹೋಗುವ ಕೊನೆಯ ಪ್ರತಿ) ಮಾಡಿಸುತ್ತಾರೆ, ಅದು ಉಸಿರಾಡುತ್ತದೆ. ಇನ್ನು ಕೆಲವರು ಅದೇ ಡಿಜಿಟಲ್ ಫೈಲನ್ನು ಲೆವೆಲ್ ಇಳಿಸಿ ಕೊರೆಸುತ್ತಾರೆ. ವೈನಿಲ್ ಮಾಸ್ಟರಿಂಗ್ ಯಾರದು ಅಂತ ಕವರಿನ ಹಿಂದೆ ಬೇರೆಯಾಗಿ ಬರೆದಿದ್ದರೆ ತಗೊಳ್ಳಿ. ಇಲ್ಲದಿದ್ದರೆ ಆ ದುಡ್ಡಿನಲ್ಲಿ ಒಂದು ಒಳ್ಳೆ ಹೆಡ್‌ಫೋನ್ ಬರುತ್ತದೆ.